ನಿವೃತ್ತಿಯ ನಂತರ ಕಲಬುರಗಿಯಲ್ಲೇ ಇರಬೇಕೇ, ಮೈಸೂರು–ಧಾರವಾಡದ ಕಡೆ ಹೋಗಬೇಕೇ? ಅನುಭವ ಇದ್ದವರು ಹೇಳಿ

ಸೇಡಂ ರಸ್ತೆ ಟೀಚರ್

ಎಲ್ಲರಿಗೂ ಶರಣು. ಬರುವ ಮೇ ಕೊನೆಗೆ ನನ್ನ ನೌಕರಿ ಮುಗಿಯುತ್ತದೆ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೇನೆ, ಅದರಲ್ಲಿ ಹತ್ತೊಂಬತ್ತು ವರ್ಷ ಕಲಬುರಗಿ ನಗರದಲ್ಲೇ. ನಮ್ಮವರು ನನಗಿಂತ ಮೊದಲೇ ನಿವೃತ್ತರಾದರು. ನಿವೃತ್ತರಾಗಿ ಮೂರು ತಿಂಗಳಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡರು. ಅಂದು ರಾತ್ರಿ ಸೊಲ್ಲಾಪುರಕ್ಕೆ ಹೋಗುವುದೋ ಹೈದರಾಬಾದಿಗೆ ಹೋಗುವುದೋ ಎಂದು ಅಂಗಳದಲ್ಲಿ ನಿಂತು ಅರ್ಧ ಗಂಟೆ ವಾದ ಮಾಡಿದ್ದೇವೆ, ರೋಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು. ಆ ಅರ್ಧ ಗಂಟೆ ಇನ್ನೂ ನನ್ನ ಕನಸಿನಲ್ಲಿ ಬರುತ್ತದೆ.

ಮಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇದ್ದಾನೆ. ಮಗಳು ಹೈದರಾಬಾದಿನಲ್ಲಿ. ಈಗ ಮನೆಯಲ್ಲಿ ದಿನವೂ ಇದೇ ಮಾತು: ಕರ್ನಾಟಕದಲ್ಲಿ ನೆಲೆಸಲು ಯಾವ ಊರು ಒಳ್ಳೆಯದು? ಮಗ ಮೈಸೂರು ಎನ್ನುತ್ತಾನೆ. ಅವನು ಅಲ್ಲಿ ಇರುವುದಿಲ್ಲ, ನಾವು ಇರಬೇಕು, ಅವನು ವಾರಕ್ಕೊಮ್ಮೆ ಬರುತ್ತಾನಂತೆ. ನಮ್ಮವರು ಧಾರವಾಡ ಎನ್ನುತ್ತಾರೆ. ಅವರು 1980ರ ದಶಕದಲ್ಲಿ ಅಲ್ಲಿ ಓದಿದವರು. ಅವರ ತಲೆಯೊಳಗಿನ ಧಾರವಾಡದಲ್ಲಿ ಇನ್ನೂ ಜಿಟಿಜಿಟಿ ಮಳೆ ಸುರಿಯುತ್ತಿದೆ, ಇನ್ನೂ ಅದೇ ಖಾನಾವಳಿಯಲ್ಲಿ ಅದೇ ಮುದುಕಿ ರೊಟ್ಟಿ ಬಡಿಯುತ್ತಿದ್ದಾಳೆ.

ಮೊಬೈಲ್‌ನಲ್ಲಿ ಬರುವ ಪಟ್ಟಿಗಳನ್ನೂ ನೋಡಿದೆ. 2020ರ ಸುಗಮ ಜೀವನ ಸೂಚ್ಯಂಕದಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಲ್ಲಿ ದಾವಣಗೆರೆಗೆ ಒಂಬತ್ತನೆಯ ಸ್ಥಾನ. ಸ್ಮಾರ್ಟ್ ಸಿಟಿ ಯೋಜನೆಗೆ ರಾಜ್ಯದ ಏಳು ನಗರಗಳು ಆಯ್ಕೆಯಾದವು, ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಂದ ಒಂದೂ ಇಲ್ಲ. ಪರೀಕ್ಷೆಗೇ ಕೂರಿಸದ ಮಗುವಿಗೆ ಎಷ್ಟು ಅಂಕ ಬಂತು ಎಂದು ಕೇಳಿದ ಹಾಗಾಯಿತು.

ನನಗೆ ಬೇಕಾದ್ದು ಇಷ್ಟು. ಹೃದಯದ ಆಸ್ಪತ್ರೆ ಹತ್ತಿರ ಇರಬೇಕು. ಪಿಂಚಣಿಯಲ್ಲಿ ಸಂಸಾರ ಸಾಗಬೇಕು. ನನ್ನ ಮೊಣಕಾಲಿಗೆ ಮೆಟ್ಟಿಲು ಬೇಡ. ಇನ್ನು ಬೇಸಿಗೆ. ಏಪ್ರಿಲ್, ಮೇ ಬಂದರೆ ನಮ್ಮ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಸರ್ಕಾರವೇ ಆದೇಶ ಹೊರಡಿಸಿ ಒಪ್ಪಿಕೊಂಡ ಬಿಸಿಲು ಇದು. ಅರವತ್ತು ದಾಟಿದವರು ಇದನ್ನು ಇನ್ನೆಷ್ಟು ವರ್ಷ ತಡೆಯುವುದು?

ಚಿತ್ತಾಪುರದಿಂದ ಮೈಸೂರಿಗೆ

ಟೀಚರ್, ನೀವು ಯೋಚಿಸುತ್ತಿರುವುದನ್ನು ನಾನು 2019ರಲ್ಲಿ ಮಾಡಿ ಮುಗಿಸಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹವೆ ಚಿನ್ನದಂಥದ್ದು. ಚಿತ್ತಾಪುರದಲ್ಲಿ ಮಾರ್ಚ್‌ನಿಂದಲೇ ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಓಡಾಡುತ್ತಿದ್ದವನು ಇಲ್ಲಿ ಮೇ ತಿಂಗಳಲ್ಲೂ ಬೆಳಗಿನ ನಡಿಗೆ ಬಿಟ್ಟಿಲ್ಲ. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆದರೆ ಹಕ್ಕಿಗಳ ಸದ್ದಿನಲ್ಲಿ ಸಕ್ಕರೆ ಕಾಯಿಲೆ ಮರೆತುಹೋಗುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಈ ಊರು ದೇಶಕ್ಕೇ ಮೊದಲು ಬಂದಿತ್ತು. ಆ ಹೆಮ್ಮೆ ಜನರಲ್ಲಿ ಇನ್ನೂ ಇದೆ, ರಸ್ತೆಯಲ್ಲಿ ಉಗುಳಿದರೆ ತಿರುಗಿ ನೋಡುತ್ತಾರೆ. ಹೃದಯಕ್ಕೆ ಇಲ್ಲಿಯೂ ಜಯದೇವ ಆಸ್ಪತ್ರೆ ಇದೆ.

ಇನ್ನು ಯಾರೂ ಹೇಳದ ಮಾತು. ಎರಡು ವರ್ಷದ ಹಿಂದೆ ನನ್ನ ಕಾಕಾ ತೀರಿಕೊಂಡರು. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಬಂತು. ಬಸವ ಎಕ್ಸ್‌ಪ್ರೆಸ್ ಮಧ್ಯಾಹ್ನ ಹತ್ತಿದರೆ ನಮ್ಮ ಕಡೆ ಇಳಿಯುವುದು ಮರುದಿನ ಬೆಳಗ್ಗೆ. ಅವರೆಲ್ಲ ಕಾಯುವುದು ಸಾಧ್ಯವಿರಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ಮನುಷ್ಯನ ಮಣ್ಣಿಗೆ ನಾನು ಸಿಗಲಿಲ್ಲ. ಅಂದಿನಿಂದ ರಾತ್ರಿ ಫೋನ್ ಬಂದರೆ ಮೊದಲು ರೈಲಿನ ಸಮಯ ನೆನಪಾಗುತ್ತದೆ, ಆಮೇಲೆ ದುಃಖ.

ಚಿಕ್ಕ ಸಂಗತಿಗಳೂ ಇವೆ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಮುಸುಕಿನ ಜೋಳದ ಹಿಟ್ಟು ಕೊಟ್ಟ. ಬಿಳಿಜೋಳ ಎಂದು ಬಿಡಿಸಿ ಹೇಳಬೇಕು. ಪುಂಡಿಪಲ್ಯ ಸಿಗುವ ಸಂತೆಯನ್ನು ಹುಡುಕಲು ಒಂದು ವರ್ಷ ಹಿಡಿಯಿತು. ನಾನು ಬಾಯಿ ತೆರೆದ ಕೂಡಲೇ "ನೀವು ಯಾವ ಕಡೆಯವರು?" ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೂ ಆರು ವರ್ಷದ ನಂತರವೂ ಕೇಳುತ್ತಾರೆ.

ಮನೆ ಕೊಳ್ಳುವ ಮಾತಿದ್ದರೆ, 2023ರಲ್ಲಿ ಬೆಂಗಳೂರಿನ ಎಕ್ಸ್‌ಪ್ರೆಸ್ ರಸ್ತೆ ತೆರೆದ ಮೇಲೆ ಬೆಲೆ ನಮ್ಮಂಥವರ ಕೈಗೆ ಮೀರಿದೆ. ನಿಮ್ಮ ಮಗನಿಗೆ ಮೈಸೂರು ಏಕೆ ಇಷ್ಟವೆಂದು ನನಗೆ ಅರ್ಥವಾಗುತ್ತದೆ. ಅವನಿಗೆ ಅದು ಹತ್ತಿರ.

ಸುಮ್ಮನೆ ಓದುವವನು

ಕಾಕಾನ ಮಣ್ಣಿನ ಮಾತು ಓದಿ ಊಟ ಸೇರಲಿಲ್ಲ.

ನೌಬಾದ್ ನಿವಾಸಿ

ಎಲ್ಲರೂ ಬೀದರನ್ನು ಮರೆತು ಮಾತನಾಡುತ್ತಿದ್ದೀರಿ. ಟೀಚರ್, ಬಹಮನಿ ಸುಲ್ತಾನರೇ ಹದಿನೈದನೆಯ ಶತಮಾನದಲ್ಲಿ ಕಲಬುರಗಿ ಬಿಟ್ಟು ರಾಜಧಾನಿಯನ್ನು ಬೀದರಿಗೆ ತಂದರು. ಅವರಿಗೆ ತಿಳಿದದ್ದು ನಿಮಗೆ ತಿಳಿಯಬಾರದೇ?

ನಮ್ಮ ಊರು ಆರುನೂರು ಮೀಟರ್‌ಗೂ ಹೆಚ್ಚು ಎತ್ತರದ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಕಲಬುರಗಿ ಅದಕ್ಕಿಂತ ಬಹಳ ಕೆಳಗೆ, ಕರಿಮಣ್ಣಿನ ಬಯಲಿನಲ್ಲಿ ಕುಳಿತಿದೆ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಿಂದ ಹುಮನಾಬಾದ್ ದಾಟಿ ಬೀದರ್ ಮುಟ್ಟುವಾಗ ಬಸ್ಸಿನ ಕಿಟಕಿಯ ಗಾಳಿ ಬದಲಾಗುವುದು ಕೆನ್ನೆಗೆ ತಿಳಿಯುತ್ತದೆ. ಬಿಸಿಲು ಇಲ್ಲವೆಂದು ಹೇಳುವುದಿಲ್ಲ, ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತೇನೆ.

ಈ ಕಲ್ಲಿನ ಇನ್ನೊಂದು ಗುಣ ನೋಡಿ. ನೀರು ಅದರೊಳಗೆ ಇಳಿದು ಕೆಳಗೆ ನಿಲ್ಲುತ್ತದೆ. ಅದನ್ನು ತಿಳಿದೇ ನಮ್ಮ ನೌಬಾದಿನಲ್ಲಿ ಸುಲ್ತಾನರ ಕಾಲದಲ್ಲಿ ಸುರಂಗ ಬಾವಿ ತೋಡಿದರು. ನೆಲದಡಿಯಲ್ಲಿ ಕಾಲುವೆ, ಮೇಲಿನಿಂದ ಅಲ್ಲಲ್ಲಿ ಗಾಳಿಬಾವಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಮಾಡುವುದೂ, ಗುರುನಾನಕ್ ಝೀರಾದಲ್ಲಿ ಬಂಡೆಯಿಂದ ನೀರು ಜಿನುಗುವುದೂ ಇದೇ ಕಲ್ಲಿನ ಕೃಪೆ. ಆದರೆ ಮನೆಯ ನಲ್ಲಿಗೆ ಬರುವ ನೀರಿನ ಕಥೆ ಬೇರೆ, ಅದನ್ನು ಕೇಳಬೇಡಿ.

ನಿಮ್ಮ ಮಗಳು ಹೈದರಾಬಾದಿನಲ್ಲಿ ಇದ್ದಾಳೆ ಎಂದಿರಿ. ಬೀದರಿನಿಂದ ಅದು ಸುಮಾರು 140 ಕಿಲೋಮೀಟರ್. ಬೆಳಗಿನ ಚಹಾ ಇಲ್ಲಿ ಕುಡಿದು ಹೊರಟರೆ ಊಟಕ್ಕೆ ಮಗಳ ಮನೆ. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್ ದೂರ. ಲೆಕ್ಕ ನೀವೇ ಮಾಡಿ, ವಿಜ್ಞಾನದ ಟೀಚರ್.

ಒಂದು ದೋಷ ಹೇಳದಿದ್ದರೆ ತಪ್ಪಾಗುತ್ತದೆ. ವಾಯುಪಡೆಯ ತರಬೇತಿ ಕೇಂದ್ರ ಇರುವುದರಿಂದ ಬೆಳಗ್ಗೆ ವಿಮಾನಗಳ ಸದ್ದು ಜೋರು. ನನ್ನ ಮೊಮ್ಮಗ ಅದೇ ಸದ್ದಿಗೆ ಎದ್ದು ತಾರಸಿಗೆ ಓಡುತ್ತಾನೆ, ನಾನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇನೆ.

ಸೇಡಂ ರಸ್ತೆ ಟೀಚರ್

ನೌಬಾದಿನ ಅಣ್ಣನವರೇ, ಸುಲ್ತಾನರಿಗೆ ಸ್ಟೆಂಟ್ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಬೀದರಿನಲ್ಲಿ ಏನು ಮಾಡುವುದು? ಇದನ್ನು ವಾದಕ್ಕಾಗಿ ಕೇಳುತ್ತಿಲ್ಲ.

ನೌಬಾದ್ ನಿವಾಸಿ

ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿಯವರೂ ಇದ್ದಾರೆ, ಮೊದಲ ಚಿಕಿತ್ಸೆ ಸಿಗುತ್ತದೆ. ಆದರೆ ದೊಡ್ಡ ಪ್ರಕರಣವಾದರೆ ಹೈದರಾಬಾದಿಗೇ ಓಡುವುದು ನಮ್ಮ ರೂಢಿ. ಸುಳ್ಳು ಹೇಳುವುದಿಲ್ಲ.

ಭೀಮಾ ದಂಡೆಯ ಔಷಧಿ ಅಂಗಡಿ

ಯಾದಗಿರಿಯಿಂದ. ನಮ್ಮ ಊರನ್ನು ಯಾರೂ ಹೆಸರಿಸುವುದಿಲ್ಲವೆಂದು ಗೊತ್ತಿದ್ದೇ ಓದುತ್ತಿದ್ದೆ. 2009ರ ಡಿಸೆಂಬರ್ 30ರಂದು ಜಿಲ್ಲೆಯಾಗುವ ತನಕ ಒಂದು ಸಹಿಗಾಗಿ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಗೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದವರು ನಾವು. ಹಾಗಾಗಿ ನನಗೆ "ಒಳ್ಳೆಯ ಊರು" ಎಂದರೆ ಒಂದೇ ದಿನದಲ್ಲಿ ಕೆಲಸ ಮುಗಿಸಿ ಮನೆಗೆ ಮರಳಬಹುದಾದ ಊರು.

ಟೀಚರ್, ಹೃದಯದ ರೋಗಿಯನ್ನು ಕರೆದುಕೊಂಡು ಯಾದಗಿರಿಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಇಲ್ಲಿಯೂ ವೈದ್ಯಕೀಯ ಕಾಲೇಜು ಬಂದಿದೆ, ಅದು ಬೇರೂರಲು ಕಾಲ ಬೇಕು. ಬಾಡಿಗೆ ಕಡಿಮೆ, ಭೀಮೆ ಪಕ್ಕದಲ್ಲೇ, ಮುಂಬೈ–ಬೆಂಗಳೂರು ರೈಲು ಮಾರ್ಗ ಊರಿನ ಮಧ್ಯದಲ್ಲೇ. ಬಿಸಿಲು ನಿಮ್ಮದಕ್ಕಿಂತ ಒಂದು ಗುಕ್ಕು ಹೆಚ್ಚು. ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳವರು ರಾತ್ರಿ ಕೆಟ್ಟ ವಾಸನೆ ಎಂದು ಅಂಗಡಿಗೆ ಬಂದಾಗ ಹೇಳುತ್ತಾರೆ. ಅದೇ ಹಳ್ಳಿಯ ಹುಡುಗರು ಅಲ್ಲಿ ಕೆಲಸ ಸಿಕ್ಕಿತೆಂದು ಪೇಡೆಯನ್ನೂ ಹಂಚುತ್ತಾರೆ.

ಒಂದು ಮಾತು ಮನಸ್ಸಿಗೆ ಬಂತು, ಬೇಸರ ಮಾಡಿಕೊಳ್ಳಬೇಡಿ. ರಾತ್ರಿ ನಮ್ಮ ಬಸ್ ನಿಲ್ದಾಣದಿಂದ ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳು ಪಾತ್ರೆ, ಹಾಸಿಗೆ, ಕೋಳಿ ಸಮೇತ ಹತ್ತುತ್ತವೆ. ಅವರಿಗೂ ಯಾವ ಊರು ಒಳ್ಳೆಯದೆಂಬ ಪ್ರಶ್ನೆ ಇದೆ. ಅವರ ಪಟ್ಟಿಯಲ್ಲಿ ಹವೆ, ಉದ್ಯಾನ, ಕೆರೆ ಇರುವುದಿಲ್ಲ. ಕೂಲಿ ವಾರಕ್ಕೊಮ್ಮೆ ಕೈಗೆ ಬರುತ್ತದೆಯೇ, ಶೆಡ್ಡಿನ ಹತ್ತಿರ ಅಂಗನವಾಡಿ ಇದೆಯೇ, ಇಷ್ಟೇ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರ ಭಾಗದವರು ಭತ್ತ ಬೆಳೆದು ಊರಲ್ಲೇ ನಿಂತರು. ನೀರು ಮುಟ್ಟದ ಊರುಗಳ ಬಾಗಿಲಿಗೆ ಬೀಗ. ನನ್ನ ಅಂಗಡಿಯ ಉದ್ರಿ ಪುಸ್ತಕ ನೋಡಿದರೇ ಯಾವ ಊರಿಗೆ ಕಾಲುವೆ ಇದೆ, ಯಾವುದಕ್ಕೆ ಇಲ್ಲ ಎಂದು ಹೇಳಬಹುದು.

ಹಳಿ ನೋಡುವವನು

ರೈಲಿನ ಮಾತು ಬಂದಿದ್ದರಿಂದ ನಾನು ಸುಮ್ಮನಿರಲಾರೆ. ಗಮನಿಸಿದ್ದೀರಾ? ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ. ಯಾದಗಿರಿ ಬಹುಕಾಲ ದಕ್ಷಿಣ ಮಧ್ಯ ರೈಲ್ವೆಯ ಗುಂತಕಲ್ ವಿಭಾಗದಲ್ಲಿದ್ದ ಊರು. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಮೂರು ಜಿಲ್ಲಾ ಕೇಂದ್ರಗಳು, ವಿಭಾಗದ ಕಚೇರಿಗಳೆಲ್ಲ ಕರ್ನಾಟಕದ ಹೊರಗೆ. ಕಲಬುರಗಿ ವಿಭಾಗ ಘೋಷಣೆಯಾಗಿ ಹತ್ತು ವರ್ಷ ಮೀರಿದೆ, ಅದು ಇನ್ನೂ ಹಳಿ ಏರಿಲ್ಲ. ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು ಈ ಎರಡು ಊರುಗಳ ಮಧ್ಯೆ ನೇರ ರೈಲೇ ಇರಲಿಲ್ಲವೆಂದರೆ ಈಗಿನ ಹುಡುಗರು ನಂಬುವುದಿಲ್ಲ.

2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಬಂತು. ನಸುಕಿನಲ್ಲಿ ಹೊರಟರೆ ಮಧ್ಯಾಹ್ನಕ್ಕೆ ಬೆಂಗಳೂರು. ಟೀಚರ್ ಮಗನ ದೃಷ್ಟಿಯಿಂದ ನೋಡಿದರೆ ಇದು ಸಣ್ಣ ಸಂಗತಿಯಲ್ಲ. ಮೊದಲು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಜಾಗ ಸಿಕ್ಕರೆ ಪುಣ್ಯ ಎನ್ನುವ ಕಾಲ. ಅಂದ ಹಾಗೆ, ಆ ಹಾದಿಯಲ್ಲಿ ಮಂತ್ರಾಲಯ ರಸ್ತೆ, ಗುಂತಕಲ್, ಅನಂತಪುರ ಎಂದು ಆಂಧ್ರವನ್ನು ಸುತ್ತಿಯೇ ನಮ್ಮ ರಾಜಧಾನಿಗೆ ಹೋಗಬೇಕು. ರಾಯಚೂರು ದಾಟಿದ ಮೇಲೆ ಮೊಬೈಲ್‌ಗೆ ಆಂಧ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತದೆ.

ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ತೆರೆಯಿತು. ಅದನ್ನು ನಂಬಿ ಮನೆ ಕಟ್ಟಬೇಡಿ ಎಂದಷ್ಟೇ ಹೇಳುತ್ತೇನೆ. ಹಳಿಯನ್ನು ನಂಬಿ.

ಜೇವರ್ಗಿ ಮಗಳು, ವೈಟ್‌ಫೀಲ್ಡ್ ಸೊಸೆ

ಟೀಚರ್ ಅವರೇ, ನಿಮ್ಮ ಸೊಸೆಯ ಸ್ಥಾನದಲ್ಲಿ ನಿಂತು ಬರೆಯುತ್ತೇನೆ. ತಪ್ಪಿದ್ದರೆ ಅಕ್ಕನಂತೆ ಗದರಿಸಿ.

ನಮ್ಮ ಅತ್ತೆ ಮಾವ ಕಳೆದ ವರ್ಷ ಬೆಂಗಳೂರಿಗೆ ಬಂದರು. ಹನ್ನೊಂದನೆಯ ಮಹಡಿ. ಮಾವ ಜೇವರ್ಗಿಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಹೊರಗೆ ಹೋದರೆ ಹತ್ತು ಜನರನ್ನು ಮಾತನಾಡಿಸಿ ಎಂಟಕ್ಕೆ ಒಳಗೆ ಬರುತ್ತಿದ್ದವರು. ಇಲ್ಲಿ ಲಿಫ್ಟಿನಲ್ಲಿ "ಶರಣರಿ" ಎಂದರೆ ಜನ ಕಿವಿಯಿಂದ ತಂತಿ ತೆಗೆದು "ಎಕ್ಸ್‌ಕ್ಯೂಸ್ ಮಿ?" ಎನ್ನುತ್ತಾರೆ. ಮೂರನೆಯ ವಾರದಿಂದ ಅವರು ಲಿಫ್ಟಿನಲ್ಲಿ ಸುಮ್ಮನೆ ನಿಲ್ಲಲು ಕಲಿತರು. ನನಗೆ ಅದು ಅವರಿಗೆ ಜ್ವರ ಬಂದಿದ್ದಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

2024ರ ಬೇಸಿಗೆಯಲ್ಲಿ ಇಲ್ಲಿ ನೀರಿನ ಬರ ಬಂದಾಗ ನಾವಿಬ್ಬರೇ ಇದ್ದೆವು, ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದೆವು. ಹಿರಿಯರು ಇದ್ದಿದ್ದರೆ ಏನು ಗತಿ ಎಂದು ಈಗ ಯೋಚಿಸುತ್ತೇನೆ. ಅಪಾರ್ಟ್‌ಮೆಂಟಿನ ನಿರ್ವಹಣೆಗೆ ನಾವು ತಿಂಗಳಿಗೆ ಕಟ್ಟುವ ಹಣ ಕೇಳಿ ಅತ್ತೆ, "ಇಷ್ಟರಲ್ಲಿ ಜೇವರ್ಗಿಯಲ್ಲಿ ಮನೆಯೇ ಬಾಡಿಗೆಗೆ ಸಿಗುತ್ತದಲ್ಲ" ಎಂದರು.

ಆದರೆ ಒಂದು ದಿನ ಮಾವನಿಗೆ ಸಕ್ಕರೆ ಇಳಿದು ಬಿದ್ದಾಗ ಹದಿನೈದು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು, ನಾನು ಜೊತೆಗಿದ್ದೆ. ಅದನ್ನೂ ಮರೆಯಲಾರೆ. ನೀವು ಎಲ್ಲೇ ಇರಿ, ನಮ್ಮಂಥ ಮಕ್ಕಳಿಗೆ ಅಪರಾಧಿ ಭಾವ ತಪ್ಪಿದ್ದಲ್ಲ. ಆದ್ದರಿಂದ ನಮ್ಮ ಸಮಾಧಾನಕ್ಕಾಗಿ ಊರು ಆರಿಸಬೇಡಿ.

ಅಡಿಪಾಯ

ಕಟ್ಟಡದ ಗುತ್ತಿಗೆದಾರ, ಕಲಬುರಗಿ. ಇಲ್ಲಿ ಎಲ್ಲರೂ ಊರಿನ ಬಗ್ಗೆ ಬರೆದಿದ್ದಾರೆ, ಮನೆಯ ಬಗ್ಗೆ ಯಾರೂ ಬರೆದಿಲ್ಲ. ನನ್ನ ಅನುಭವದಲ್ಲಿ ಊರು ಬಿಡಬೇಕೆನ್ನುವ ಅರ್ಧ ಜನಕ್ಕೆ ಬೇಸರ ಇರುವುದು ಮನೆಯ ಮೇಲೆ.

ನಮ್ಮದು ಕರಿಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕೈ ಇಳಿಸಬಹುದು. ಗಟ್ಟಿ ನೆಲ ಸಿಗುವ ತನಕ ಅಗೆಯದೆ, ಮೊರಂ ತುಂಬದೆ, ಪ್ಲಿಂತ್ ಬೀಮ್ ಹಾಕದೆ ಕಟ್ಟಿದ ಮನೆಯ ಗೋಡೆ ಮೂರನೆಯ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮೈಸೂರಿನಿಂದ ಬಂದ ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿ ನಮ್ಮಲ್ಲಿ ಅಡಿಪಾಯಕ್ಕೇ ಮುಗಿಯುತ್ತದೆ. ಬದಲಿಗೆ ಶಹಾಬಾದಿ ಕಲ್ಲು ಮನೆ ಬಾಗಿಲಲ್ಲೇ ಅಗ್ಗವಾಗಿ ಸಿಗುತ್ತದೆ. ಈಗಿನವರಿಗೆ ಹೊಳೆಯುವ ಟೈಲ್ಸ್ ಬೇಕು. ಮೇ ತಿಂಗಳಲ್ಲಿ ಶಹಾಬಾದಿ ಕಲ್ಲಿನ ಮೇಲೆ ಬರಿಗಾಲಿಟ್ಟು ನೋಡಿ, ಆಮೇಲೆ ಮಾತನಾಡಿ.

ಟೀಚರ್, ನಿಮ್ಮದು ಯಾವ ಅಂತಸ್ತು? ತಾರಸಿಯ ಕೆಳಗಿನ ಮನೆಯಾದರೆ ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹನ್ನೆರಡರ ತನಕ ನಿಮ್ಮ ಮೇಲೆ ಬಿಸಿ ಸುರಿಯುತ್ತದೆ. ಕೆಳಗಿನ ಮನೆಗೂ ಮೇಲಿನದಕ್ಕೂ ಇರುವ ವ್ಯತ್ಯಾಸ ಕೈಯಿಟ್ಟರೇ ತಿಳಿಯುತ್ತದೆ. ತಾರಸಿಗೆ ಸುಣ್ಣ ಬಳಿಸಿ, ಪಶ್ಚಿಮದ ಗೋಡೆಗೆ ನೆರಳು ಮಾಡಿ. ಕೂಲರ್ ಇಡಿ, ಎ.ಸಿ. ಆಮೇಲೆ. ನಮ್ಮದು ಒಣ ಬಿಸಿಲಾದ್ದರಿಂದ ನೀರು ಬೇಗ ಆವಿಯಾಗಿ ಕೂಲರ್ ಗಾಳಿಯನ್ನು ತಣ್ಣಗೆ ಮಾಡುತ್ತದೆ. ನಿಮಗೆ ವಿಜ್ಞಾನ ಹೇಳಿದ್ದಕ್ಕೆ ಕ್ಷಮಿಸಿ. ನನ್ನ ಭಾವ ಮಂಗಳೂರಿಗೆ ವರ್ಗವಾದಾಗ ಲಾರಿಯಲ್ಲಿ ಕೂಲರನ್ನೂ ಒಯ್ದ. ಆ ತೇವದ ಹವೆಯಲ್ಲಿ ಅದು ಗೋಡೆಗೆ ಬೂಸು ಹಿಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಸೇಡಂ ರಸ್ತೆ ಟೀಚರ್

ಮೇಲಿನ ಅಂತಸ್ತು. ಕೆಳಗೆ ಬಾಡಿಗೆಗೆ ಕೊಟ್ಟಿದ್ದೇವೆ. 2004ರಲ್ಲಿ ಕಟ್ಟಿಸುವಾಗ "ಮೇಲೆ ಗಾಳಿ ಚೆನ್ನಾಗಿ ಬರುತ್ತದೆ" ಎಂದು ನಾನೇ ಹಟ ಮಾಡಿದ್ದೆ. ಆಗ ನನಗೆ ಮೊಣಕಾಲು ಇದ್ದವು.

ಎಂಟು ಶೇಕಡ

ಒಂದು ಎಚ್ಚರಿಕೆ. ಊರು ಬಿಟ್ಟರೆ ಮೊಮ್ಮಕ್ಕಳಿಗೆ ಸಂವಿಧಾನದ 371(ಜೆ) ಕಲಮಿನ ಮೀಸಲಾತಿ ಸೌಲಭ್ಯ ಹೋಗುತ್ತದೆಯಲ್ಲವೇ? ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡ 70, ಉಳಿದ ಕರ್ನಾಟಕದಲ್ಲಿ ಶೇಕಡ 8 ಸೀಟು ನಮ್ಮವರಿಗೆ. ಅದನ್ನು ಕೈಯಾರೆ ಬಿಡುವುದೇ?

ಭೀಮಾ ದಂಡೆಯ ಔಷಧಿ ಅಂಗಡಿ

ಅರವತ್ತು ವರ್ಷದವರು ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿದರೆ ಅವರು ಇಲ್ಲಿ ಹುಟ್ಟಿದ್ದು ಸುಳ್ಳಾಗುವುದಿಲ್ಲ. ಪ್ರಮಾಣಪತ್ರ ಹುಟ್ಟು ಮತ್ತು ವಾಸದ ದಾಖಲೆಯ ಮೇಲೆ ನಿಂತಿದೆ. ಮೊಮ್ಮಕ್ಕಳ ವಿಷಯವನ್ನು ಸಹಾಯಕ ಆಯುಕ್ತರ ಕಚೇರಿಯಲ್ಲಿ ಕಾಗದ ಸಮೇತ ಕೇಳಿ, ಇಲ್ಲಿ ಅಲ್ಲ. ವಾಟ್ಸ್‌ಆ್ಯಪ್ ನಂಬಿ ಎರಡು ಸಂಸಾರ ಸುಮ್ಮನೆ ಹೆದರಿದ್ದನ್ನು ನೋಡಿದ್ದೇನೆ.

ಅದೇ ಕಲಮಿನ ಮಾತು ಬಂದಿದ್ದರಿಂದ ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಹಾಸಿಗೆ ಎಷ್ಟು ಗೊತ್ತೇ? 371. ಟೀಚರ್, ನಿಮ್ಮ ಅಂಗಳದ ಅರ್ಧ ಗಂಟೆ ಆ ಆಸ್ಪತ್ರೆಗೆ ಮೊದಲಿನದೋ ನಂತರದ್ದೋ?

ಸೇಡಂ ರಸ್ತೆ ಟೀಚರ್

ಮೊದಲಿನದು. ಅದು ತೆರೆಯುವ ಕೆಲವು ತಿಂಗಳ ಮೊದಲು. ಈಗ ತಪಾಸಣೆಗೆ ಅಲ್ಲಿಗೇ ಹೋಗುತ್ತೇವೆ. ಸರದಿ ಉದ್ದ ಇರುತ್ತದೆ, ಬೀದರ್, ಯಾದಗಿರಿ, ರಾಯಚೂರಿನಿಂದಲೂ ಜನ ಬಂದಿರುತ್ತಾರೆ. ಆದರೆ ಆಟೊದಲ್ಲಿ ಹೋಗಬಹುದು. ನೀವು ಕೇಳಿದ ಮೇಲೆ ಹೊಳೆಯಿತು, ನಾನು ಇನ್ನೂ ಆ ಹಳೆಯ ರಾತ್ರಿಗೆ ಹೆದರಿಕೊಂಡು ಊರು ಹುಡುಕುತ್ತಿದ್ದೇನೆ.

ಧಾರವಾಡದ ಅಳಿಯ

ನಾನು ಆಳಂದದವನು, ಹೆಂಡತಿಯ ತವರು ಧಾರವಾಡ. ಅಲ್ಲಿ ಎಂಟು ವರ್ಷ ಇದ್ದೇನೆ. ನಿಮ್ಮವರಿಗೆ ಹೇಳಿ, ಜಿಟಿಜಿಟಿ ಮಳೆ ಕಡಿಮೆಯಾಗಿದೆ, ಖಾನಾವಳಿಯ ರೊಟ್ಟಿ ಇದೆ. ನೀರು ಕೆಲವು ಬಡಾವಣೆಗಳಲ್ಲಿ ದಿನವೂ ಬರುತ್ತದೆ, ಕೆಲವಕ್ಕೆ ವಾರ ಕಾಯಬೇಕು. ಮನೆ ನೋಡುವಾಗ ಮೊದಲ ಪ್ರಶ್ನೆ ಇದೇ ಇರಲಿ. ಹುಬ್ಬಳ್ಳಿಗೆ ಚಿಗರಿ ಬಸ್ ಸಲೀಸು, ದೊಡ್ಡ ಆಸ್ಪತ್ರೆಗಳು ಹತ್ತಿರ. ಸಂಜೆ ಒಂದು ಭಾಷಣವೋ ಒಂದು ಸಂಗೀತವೋ ಇದ್ದೇ ಇರುತ್ತದೆ, ಕುರ್ಚಿ ತುಂಬಿಸಲು ನಿವೃತ್ತ ಮೇಷ್ಟ್ರುಗಳೂ ಇರುತ್ತಾರೆ. ಭಾಷೆಯೂ ನಮ್ಮದಕ್ಕೆ ಹತ್ತಿರ, "ಯಾವ ಕಡೆಯವರು" ಎಂದು ದಿನವೂ ಕೇಳುವುದಿಲ್ಲ. ಕಲಬುರಗಿಗೆ ವಿಜಯಪುರದ ಮೇಲೆ ಬಸ್ಸಿನಲ್ಲಿ ಒಂದು ರಾತ್ರಿ.

ಕೊಳ್ಳಬೇಡಿ. ಮೊದಲು ಏಪ್ರಿಲ್, ಮೇ ಎರಡು ತಿಂಗಳು ಬಾಡಿಗೆಗೆ ಇದ್ದು ನೋಡಿ.

ಜೇವರ್ಗಿ ಮಗಳು, ವೈಟ್‌ಫೀಲ್ಡ್ ಸೊಸೆ

ಟೀಚರ್ ಅವರೇ, ಒಂದು ಕೇಳಲೇ? ನೀವು "ನಾವು" ಎಂದಾಗ ನೀವಿಬ್ಬರೇ ಇದ್ದಂತೆ ಕಾಣುತ್ತದೆ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರೆಯೇ?

ಸೇಡಂ ರಸ್ತೆ ಟೀಚರ್

ಇದ್ದಾರೆ, ಅತ್ತೆ. ಎಂಬತ್ತನಾಲ್ಕು. ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಬರೆದರೆ ಉತ್ತರ ಅಲ್ಲಿಗೇ ಮುಗಿಯುತ್ತದೆಂದು ಹೆದರಿದೆ.

ಅವರ ಮುಂದೆ ಮೈಸೂರು ಎಂದರೆ ಬೇಡವೆನ್ನುವುದಿಲ್ಲ. "ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವವರು ಯಾರು?" ಎಂದು ಕೇಳಿ, ಜಪಮಾಲೆ ಹಿಡಿದು ಗೋಡೆಯ ಕಡೆ ತಿರುಗುತ್ತಾರೆ. ಆಳಂದ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಇದೆ, ಪಾಲಿಗೆ ಕೊಟ್ಟಿದ್ದೇವೆ. ವರ್ಷದಲ್ಲಿ ಆ ಒಂದು ದಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗುತ್ತೇವೆ. ಆ ದಿನ ಕಲಬುರಗಿ ನಗರವೇ ಖಾಲಿ, ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಕ್ರಿಕೆಟ್ ಆಡಬಹುದು. ಅತ್ತೆಯನ್ನು ಕಾರಿನಿಂದ ಇಳಿಸಿ ಎರಡು ಕೈ ಹಿಡಿದು ಬದುವಿನ ಮೇಲೆ ನಡೆಸುತ್ತೇವೆ. ತೊಗರಿ ಸಾಲಿನ ಮಧ್ಯೆ ಹೋದ ಮೇಲೆ ಅವರು ಕೈ ಬಿಡಿಸಿಕೊಂಡು ತಾವೇ ನಡೆಯುತ್ತಾರೆ. ಮನೆಯಲ್ಲಿ ಬಚ್ಚಲಿಗೆ ಹೋಗಲು ನಾನು ಬೇಕು. ಅಲ್ಲಿ ಬೇಡ.

ಸುಮ್ಮನೆ ಓದುವವನು

ಹಾಗಾದರೆ ಮುಗಿಯಿತಲ್ಲ.

ಚಿತ್ತಾಪುರದಿಂದ ಮೈಸೂರಿಗೆ

ಮುಗಿಯುವುದಿಲ್ಲ ತಮ್ಮಾ. ನನ್ನ ತಾಯಿ ಇರುವ ತನಕ ನಾನೂ ಹೊರಡಲಿಲ್ಲ. ಹೋದ ಮೇಲೆ ಹೊರಟೆ. ಅತ್ತೆಯವರಿದ್ದಾರೆಂದು ಟೀಚರ್ ಎರಡು ಮೊಣಕಾಲು ಕಳೆದುಕೊಳ್ಳಬೇಕೆಂದು ಯಾರೂ ತೀರ್ಪು ಕೊಡಬೇಡಿ. ಇಲ್ಲಿ ಊರು ಹೊಗಳುವವರಲ್ಲಿ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ಯುವವರು ಎಷ್ಟು ಜನ?

ಅಡಿಪಾಯ

ಕೆಳಗಿನ ಬಾಡಿಗೆಯವರ ಕರಾರು ಯಾವಾಗ ಮುಗಿಯುತ್ತದೆ?

ಸೇಡಂ ರಸ್ತೆ ಟೀಚರ್

(ಐದು ವಾರಗಳ ನಂತರ ಬರೆಯುತ್ತಿದ್ದೇನೆ.)

ಕರಾರು ಮುಗಿದು ಅವರು ಸ್ವಂತ ಮನೆಗೆ ಹೋದರು. ನಾವು ಕೆಳಗೆ ಇಳಿದೆವು. ಸಾಮಾನು ಇಳಿಸುವಾಗ ಅತ್ತೆ, "ಇಪ್ಪತ್ತು ವರ್ಷದ ಹಿಂದೆಯೇ ಹೇಳಿದ್ದೆ" ಎಂದರು. ಹೇಳಿದ್ದರೋ ಇಲ್ಲವೋ ನನಗೆ ನೆನಪಿಲ್ಲ, ಒಪ್ಪಿಕೊಂಡೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ನೆಲ ಶಹಾಬಾದಿಯದೇ, ಬಾಡಿಗೆಯವರು ಅದರ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿದೆವು.

ನಮ್ಮವರು ನವೆಂಬರ್‌ನಲ್ಲಿ ಒಬ್ಬರೇ ಧಾರವಾಡಕ್ಕೆ ಹೋಗಿ ಹತ್ತು ದಿನ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿದ್ದು ಬಂದರು. ಐದು ಸ್ನೇಹಿತರನ್ನು ಹುಡುಕಿದರಂತೆ, ಇಬ್ಬರು ಸಿಕ್ಕರು, ಒಬ್ಬರು ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾರೆ, ಇಬ್ಬರು ಇಲ್ಲ. ಬರುವಾಗ ಎರಡು ಕಿಲೋ ಪೇಡೆ ತಂದರು, ಅವರು ತಿನ್ನುವ ಹಾಗಿಲ್ಲ. ಈ ಸಲ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ತನಕ ಬೀದರಿನಲ್ಲಿ ಚಿಕ್ಕ ಮನೆ ಬಾಡಿಗೆಗೆ ನೋಡುತ್ತಿದ್ದೇವೆ, ನೆಲಮಹಡಿ. ಅತ್ತೆ ಬರಲು ಒಪ್ಪಿದ್ದಾರೆ, ಝರಣಿ ನರಸಿಂಹನ ನೀರು ಕಾಲಿಗೆ ಸೋಕಿಸಿ ತರುತ್ತೇವೆ ಎಂದಿದ್ದಕ್ಕೆ. ಮಗಳು ಹೈದರಾಬಾದಿನಿಂದ ಭಾನುವಾರ ಬರುತ್ತಾಳೆ. ನನ್ನ ನೌಕರಿಯ ಕೊನೆಯ ತಿಂಗಳು ರಜೆ ಹಾಕಿಯೇ ಕಳೆಯುತ್ತದೆ. ಮೇ ಕೊನೆಯ ದಿನ ಸಹಿ ಮಾಡಲು ಕಲಬುರಗಿಗೆ ಬಂದು ಹೋಗುತ್ತೇನೆ. ನೌಬಾದಿನ ಅಣ್ಣನವರೇ, ವಿಮಾನದ ಸದ್ದು ಇಲ್ಲದ ಕಡೆ ಮನೆ ಇದ್ದರೆ ತಿಳಿಸಿ. ಮುಂದಿನ ವರ್ಷದ ಮಾತು ಮುಂದಿನ ವರ್ಷ.

ಮಗ ಮೈಸೂರಿನ ಫೋಟೊ ಕಳಿಸುವುದನ್ನು ಇನ್ನೂ ನಿಲ್ಲಿಸಿಲ್ಲ.

ನೌಬಾದ್ ನಿವಾಸಿ

ಬೀದರಿನಲ್ಲಿ ವಿಮಾನದ ಸದ್ದು ಇಲ್ಲದ ಕಡೆ ಎಂದರೆ ಸುರಂಗ ಬಾವಿಯೊಳಗೆ ಮಾತ್ರ. ಆದರೂ ನೋಡುತ್ತೇನೆ, ಶಿವನಗರದ ಕಡೆ ನೆಲಮಹಡಿಯ ಒಂದು ಮನೆ ಖಾಲಿಯಾಗುತ್ತದೆಂದು ಕೇಳಿದ್ದೇನೆ. ಅತ್ತೆಯವರಿಗೆ ನನ್ನ ಶರಣು ತಿಳಿಸಿ.

ಭೀಮಾ ದಂಡೆಯ ಔಷಧಿ ಅಂಗಡಿ

ಟೀಚರ್, ನಿಮ್ಮ ಮೇಲಿನ ಮನೆ ಖಾಲಿ ಇದೆಯೇ? ನನ್ನ ತಮ್ಮನ ಮಗನಿಗೆ ಕಲಬುರಗಿಯಲ್ಲಿ ವೈದ್ಯಕೀಯ ಸೀಟು ಸಿಕ್ಕಿದೆ. ಮೂವರು ಹುಡುಗರು, ಮೂವರೂ ಯಾದಗಿರಿಯವರು, ಒಳ್ಳೆಯ ಮನೆತನದವರು.

ಸೇಡಂ ರಸ್ತೆ ಟೀಚರ್

ಖಾಲಿ ಇದೆ. ನಲ್ಲಿ ನೀರು ದಿನವೂ ಬರುವುದಿಲ್ಲ, ಬಂದ ದಿನ ಯಾರಾದರೂ ಮನೆಯಲ್ಲಿದ್ದು ಟ್ಯಾಂಕ್ ತುಂಬಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಕಾದ ಹೆಂಚಿನಂತಾಗುತ್ತದೆ, ಕೂಲರ್ ಅವರೇ ತರಬೇಕು. ಯಾದಗಿರಿಯ ಹುಡುಗರಾದರೆ ಆ ಎರಡನೆಯ ಮಾತು ಹೇಳುವ ಅಗತ್ಯವಿಲ್ಲವೇನೋ. ಭಾನುವಾರ ಹನ್ನೊಂದರ ಮೇಲೆ ಬಂದು ನೋಡಲಿ.